ರಾತ್ರಿಶಾಲೆಯಲ್ಲಿ ಏಳನೆಯ ಪದ್ಯ

ಅಕ್ಕಲಕೋಟ ರಸ್ತೆ, ಸೊಲ್ಲಾಪುರ. ರಾತ್ರಿ ಎಂಟೂ ಕಾಲು.
ಹಗಲು ಮರಾಠಿಯಲ್ಲಿ ಮಗ್ಗಿ ಹೇಳಿದ ಕೋಣೆ
ಈಗ ನಮ್ಮದು, ಒಂಬತ್ತೂವರೆಯ ತನಕ.
ಹಲಗೆಯ ಮೇಲ್ತುದಿಯಲ್ಲಿ ಅವರ ಸುವಿಚಾರ,
ಅಳಿಸಬಾರದೆಂದು ಸುತ್ತ ಗೆರೆ.
ಅದರ ಕೆಳಗೆ ಉಳಿದ ಕಪ್ಪಿನಲ್ಲಿ ಬರೆದೆ:
ಇರುಳು.

ಹನ್ನೊಂದು ಜನ. ಇಬ್ಬರಿಗೆ ಆಗಲೇ ತೂಕಡಿಕೆ.
ಹತ್ತಕ್ಕೆ ಪಾಳಿಯಿದ್ದವರು ಬಾಗಿಲ ಬಳಿಯ ಬೆಂಚಿನಲ್ಲಿ,
ಕೂದಲ ತುಂಬ ಹತ್ತಿಯ ನವಿರು,
ಇಪ್ಪತ್ತಕ್ಕೇ ನರೆತವರ ಹಾಗೆ.

ಓದಿದೆ:

   'ಊರೆಲ್ಲ ಉಸಿರಡಗಿ ಮಲಗಿರುವ ಹೊತ್ತಿನಲಿ
   ನನ್ನ ಬಾಗಿಲ ನಾನೆ ತಟ್ಟುತಿರುವೆ;
   ಒಳಗಿರುವನಾರೆಂದು ಕೇಳುವೆನು, ಒಳಗಿಂದ
   ಅದೆ ಮಾತು ಮರಳುವುದು: ಹೊರಗದಾರು?'

ಪ್ರಶ್ನೆ ಮೂರು. ಕವಿ ಒಂಟಿತನವನ್ನು ಹೇಗೆ ಚಿತ್ರಿಸಿದ್ದಾನೆ?
ನಾಲ್ಕು ಅಂಕ. ಉತ್ತರ ನನಗೆ ಬಾಯಿಪಾಠ:
ಇರುಳೆಂದರೆ ಮೌನ, ಮೌನವೆಂದರೆ ಏಕಾಂತ,
ಬಾಗಿಲು ದೇಹ, ತಟ್ಟುವವನು ಜೀವ.
ಹದಿನಾರು ವರ್ಷ ಹಂಚಿದ್ದೇನೆ ಇದನ್ನೇ
ರೇಷನ್ ಅಕ್ಕಿಯಂತೆ, ಅಳತೆ ತಪ್ಪದೆ.

ಸುಗಲಾಬಾಯಿ ಕೈಯೆತ್ತಿದಳು.
'ಸರ, ಈ ಕವಿ ಯಾ ಊರಾಂವ್ರಿ?'
ನಕ್ಕರು.
'ಅಲ್ರೀ, ಖರೇನ ಕೇಳಾಕತ್ತೀನಿ.
ಊರ ಉಸಿರು ಅಡಗತೈತಿ ಅಂತಾನ. ಯಾವಾಗ ಅಡಗತೈತ್ರಿ?
ನಮ್ಮ ಖೋಲಿ ಮ್ಯಾಲ, ಕೆಳಗ ಎಂಟು ಮಗ್ಗ.
ಬೆಳತನಕ ಖಡಕ್ ಖಡಕ್. ಗಂಗಾಳದಾಗಿನ ನೀರು ಸೈತ ನಿಂದರಂಗಿಲ್ಲ.
ಬಾಗಲಾ ತಟ್ಟಿದ್ರ ಯಾರಿಗಿ ಕೇಳಸತೈತಿ?
ನನ್ನ ಗಂಡ ಹೊರಗ ನಿಂತು ತಟ್ಟಿ ತಟ್ಟಿ
ಮೆಟ್ಟಲ ಮ್ಯಾಲೇ ಮಲಗಿದ್ದ ಒಂದಿನ.
ನಾ ಒಳಗ ಎಚ್ಚರಽ ಇದ್ದೆ.'

ಈಗ ಯಾರೂ ನಗಲಿಲ್ಲ.

ಹಿಂದಿನಿಂದ ರೇವಪ್ಪ, ಎದ್ದು ನಿಲ್ಲದೆ:
'ಬಾಜೂ ಮಗ್ಗದಾಂವನ ಕೂಡ ಆರು ವರ್ಷ ಆತ್ರಿ.
ಅವನ ದನಿ ಹೆಂಗೈತಿ ನನಗ ಗೊತ್ತಿಲ್ಲ.
ತುಟಿ ನೋಡಿ ತಿಳಕೋತೀವಿ. ನೀರು. ಎಳಿ ಹರೀತು. ಮಾಲಕ ಬಂದ.
ಈ ಮೂರು ಬಿಟ್ರ ನಾಕನೇ ಮಾತಿಗೆ ತುಟಿ ಇಲ್ರಿ.'

ನಾನು ಏನೋ ಹೇಳಲು ಬಾಯಿ ತೆರೆದೆ.
ಲೈಟು ಹೋಯಿತು.

ಮೊದಲು ನಮ್ಮ ಗಲ್ಲಿ ನಿಂತಿತು, ಆಮೇಲೆ ಹಿಂದಿನದು,
ಆಮೇಲೆ ದೂರದ ಶೆಡ್ಡುಗಳು ಒಂದೊಂದಾಗಿ
ಲಾಳಿ ಕೈಬಿಟ್ಟವು.
ನನ್ನ ಕೈಗಡಿಯಾರ ನನಗೆ ಕೇಳಿಸಿತು.
ಆಗ ಎಲ್ಲಿಯೋ ಒಂದು ಕೂಸು ಅತ್ತಿತು.
ಇನ್ನೊಂದು. ಗೋಡೆಯಾಚೆ ಮತ್ತೊಂದು.
ಊರ ತುಂಬ ಕೂಸುಗಳು ಎದ್ದು ಕೂತು ಅಳುತ್ತಿದ್ದವು,
ತೊಟ್ಟಿಲು ತೂಗುವ ಸಪ್ಪಳ ನಿಂತಿದ್ದಕ್ಕೆ.

'ಹ್ಞಾಂ ಸರ,' ಕತ್ತಲಲ್ಲಿ ಸುಗಲಾಬಾಯಿ, 'ಈಗ ಓದ್ರಿ.'

ಪುಸ್ತಕ ಕಾಣದು. ಬಾಯಿಂದಲೇ ಹೇಳಿದೆ.
ಒಳಗಿರುವನಾರೆಂದು, ಎನ್ನುವಲ್ಲಿಗೆ
ಮುಂದಿನ ಸಾಲು ಬರಲಿಲ್ಲ.

ಒಂದು ಮಾತು ಇವರಿಗೆ ಹೇಳಿಲ್ಲ.
ಮಗ್ಗಗಳಿಗೆ ರಜೆಯಿದ್ದ ರಾತ್ರಿ, ನನ್ನ ಬಾಡಿಗೆ ಖೋಲಿಯಲ್ಲಿ,
ರೇಡಿಯೋದ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ
ಆ ಗೊರಗೊರದ ಪಕ್ಕ ಮಲಗುತ್ತೇನೆ.
ಗೈಡಿನಲ್ಲಿ ಇದಕ್ಕೆ ಅಂಕವಿಲ್ಲ.

ಒಂಬತ್ತೂ ಹತ್ತಕ್ಕೆ ಲೈಟು ಬಂತು.
ಮಗ್ಗಗಳು ಕೆಮ್ಮಿ ಕೆಮ್ಮಿ ಹಿಡಿದವು ಲಯ,
ಕೂಸುಗಳು ಒಂದೊಂದೇ ಆರಿದವು.
ಇಷ್ಟು ಹೊತ್ತು ಮಲಗಿದ್ದ ಲಾಡ್ಲೆಸಾಬ ಎದ್ದು ಕಣ್ಣುಜ್ಜಿ,
'ಸರ, ಪರೀಕ್ಷಾದಾಗ ಏನ ಬರೀಬೇಕ್ರಿ?'

ಹೇಳಿದೆ. ಇರುಳೆಂದರೆ ಮೌನ. ಅಲ್ಪವಿರಾಮ. ಮೌನವೆಂದರೆ ಏಕಾಂತ.
ಹನ್ನೊಂದು ತಲೆ ಬಗ್ಗಿದವು. ಸುಗಲಾಬಾಯಿಯದೂ.
ಅವಳ ಅಕ್ಷರ ಎಲ್ಲರಿಗಿಂತ ದುಂಡು.

ಅವತ್ತು ಬಾಗಿಲ ಸಪ್ಪಳ ಅವಳಿಗೆ
ಕೇಳಿಸಿತ್ತೋ, ಇಲ್ಲವೋ,
ನಾನು ಕೇಳಲಿಲ್ಲ.
ಅವರು ಪಾಳಿಗೆ ಹೋದ ಮೇಲೆ ಹಲಗೆ ಒರೆಸಿದೆ,
ಗೆರೆಯೊಳಗಿನ ಸುವಿಚಾರಕ್ಕೆ ಕೈ ತಾಗದಂತೆ.